ಏಳನೆಯ ಹೆಣ್ಣು

ಗಂಡೇ ಇರಬೇಕು. ಆದರೆ ‘ಇರಬೇಕು’ ಎಂದು ಬರೆಯಲು ಫಾರಮ್ಮಿನಲ್ಲಿ ಜಾಗವಿರಲಿಲ್ಲ. ಎರಡು ಚೌಕಗಳಿದ್ದವು, ಗಂಡು ಮತ್ತು ಹೆಣ್ಣು. ನಡುವೆ ಪೆನ್ನಿನ ಮೊನೆಯಷ್ಟು ಬಿಳಿ. ಜೂತಾನಿ ಆ ಬಿಳಿಯನ್ನೇ ನೋಡುತ್ತ ಕುಳಿತಿದ್ದ. ಕರಡಿಯ ಚರ್ಮವನ್ನು ತಾನೇ ಅಳೆದಿದ್ದ. ಮೂಗಿನಿಂದ ಬಾಲದವರೆಗೆ ಎಂಟು ಅಡಿಗೂ ಮೇಲೆ. ಮುಂಗಾಲಿನ ಕೂದಲು ಉದ್ದ, ಕತ್ತು ತಲೆಗಿಂತ ದಪ್ಪ. ಹೆಣ್ಣು ಅಷ್ಟು ಬೆಳೆಯುವುದು ಅಪರೂಪ. ಅಪರೂಪ ಎಂದರೆ ಇಲ್ಲವೇ ಇಲ್ಲ ಎಂದೇ? ಎರಡು ವರ್ಷದ ಹಿಂದೆ ದೇಶದ ದಕ್ಷಿಣದ ನಗರಗಳಿಂದ ಬಂದ ವಿಜ್ಞಾನಿಗಳ ಜೊತೆ ಹೆಲಿಕಾಪ್ಟರಿನಲ್ಲಿ ಹೋಗಿದ್ದಾಗ, ಮತ್ತಿನ ಮದ್ದು ತಗುಲಿ ಬಿದ್ದಿದ್ದ ಒಂದು ಭಾರಿ ಕರಡಿಯನ್ನು ನೋಡಿ ಇದು ಗಂಡೇ ಎಂದಿದ್ದ. ಮಗುಚಿದಾಗ ಅದರ ಮೊಲೆಗಳಲ್ಲಿ ಹಾಲಿತ್ತು. ಅವರು ನಗಲಿಲ್ಲ. ನಕ್ಕಿದ್ದರೆ ಮರೆತುಹೋಗುತ್ತಿತ್ತೇನೋ.

ಉತ್ತರ ಧ್ರುವದ ಕಡೆಯ ಆ ಊರಿನ ಬೇಟೆಗಾರರ ಸಂಘದ ಕಚೇರಿಯಲ್ಲಿ ಅವನ ಕೆಲಸ ಇದೇ. ಊರಿನವರು ಹೊಡೆದ ಪ್ರತಿಯೊಂದು ಹಿಮಕರಡಿಗೂ ಒಂದು ಫಾರಂ ತುಂಬಿಸಿ ವಿಮಾನದಲ್ಲಿ ಸರ್ಕಾರಕ್ಕೆ ಕಳಿಸುವುದು. ಆ ವರ್ಷ ಊರಿನ ಪಾಲಿಗೆ ಹದಿನೆಂಟು ಕರಡಿ. ಎರಡು ಗಂಡಿಗೆ ಒಂದು ಹೆಣ್ಣಿನಂತೆ, ಹೆಣ್ಣು ಆರಕ್ಕಿಂತ ಹೆಚ್ಚಾಗಬಾರದು. ಹೆಣ್ಣು ಕರಡಿ ಮರಿ ಹಾಕುವುದು ಮೂರು ವರ್ಷಕ್ಕೊಮ್ಮೆ. ಹೆಣ್ಣು ಹೋದರೆ ಸಂತತಿ ಮರಳಿ ಏಳುವುದಿಲ್ಲ. ಇದನ್ನು ಜೂತಾನಿ ಕಾಲೇಜಿನಲ್ಲಿ ಓದಿದ್ದ, ಆಮೇಲೆ ಹಿಮದ ಮೇಲೆ ಕಂಡೂ ಇದ್ದ. ಏಪ್ರಿಲ್ ಬರುವಷ್ಟರಲ್ಲಿ ಆರೂ ಮುಗಿದಿದ್ದವು. ಅವುಗಳಲ್ಲೊಂದು ನವೆಂಬರಿನಲ್ಲಿ ಶಾಲೆಯ ಹಿಂದೆ ಬಂದು ಗುಂಡು ತಿಂದದ್ದು. ಅದನ್ನು ಯಾರೂ ಬೇಕೆಂದು ಹೊಡೆದಿರಲಿಲ್ಲ. ಆದರೂ ಅದು ಲೆಕ್ಕವೇ.

ಏಳನೆಯ ಹೆಣ್ಣು ಬಿದ್ದರೆ ಮುಂದಿನ ವರ್ಷ ಊರಿಗೆ, ಕರಡಿಗೊಂದರಂತೆ ಕೊಡುವ ಬೇಟೆಯ ಚೀಟಿಗಳಲ್ಲಿ ಎರಡು ಕಡಿತ. ಹೊಡೆದವನ ಹೆಸರು ಮೂರು ವರ್ಷ ಚೀಟಿ ಎತ್ತುವ ಡಬ್ಬಿಗೆ ಬೀಳುವುದಿಲ್ಲ; ಅದು ಸಂಘದವರೇ ಮಾಡಿಕೊಂಡ ಕಟ್ಟಳೆ. ಹೊಡೆದವನು ಕೆಳದವಡೆ ತಂದುಕೊಡಬೇಕು, ಹಲ್ಲು ನೋಡಿ ವಯಸ್ಸು ಹೇಳಲು. ಗಂಡಾಗಿದ್ದರೆ ಅದರ ಲಿಂಗದೊಳಗಿನ ಮೂಳೆಯನ್ನೂ ತರಬೇಕು. ಆ ಮೂಳೆ ಇಲ್ಲದಿದ್ದರೆ ಹೆಣ್ಣು ಎಂದೇ ಬರೆಯಬೇಕು. ಈ ಕರಡಿಯನ್ನು ಹೊಡೆದ ಮನಾಸಿ ದವಡೆ ತಂದಿದ್ದ. ಮೂಳೆ ತಂದಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಅವನು ಬಂದಾಗ ಮೀಸೆಯ ಮೇಲೆ ಇನ್ನೂ ಮಂಜು ಕಟ್ಟಿತ್ತು. ದವಡೆಯನ್ನು ಮೇಜಿನ ಮೇಲಿಟ್ಟು, ಕೈಗವಸು ಕಳಚಿ, ಚಹಾ ಬಗ್ಗಿಸಿಕೊಂಡ. ಮೂಳೆಯನ್ನು ಕೊಯ್ದು ಬಾಗಿಲ ಹೊರಗಿನ ತಗಡಿನ ಡಬ್ಬಿಯಲ್ಲಿ ಹಾಕಿಟ್ಟಿದ್ದನಂತೆ. ಬೆಳಿಗ್ಗೆ ನೋಡಿದರೆ ಡಬ್ಬಿ ಖಾಲಿ.

“ನಾಯಿ ತಿಂದಿರ್ಬೇಕು” ಎಂದ. “ಅಮ್ಮನ್ನ ಕೇಳ್ದೆ. ಬಾಯೇ ಬಿಡ್ಲಿಲ್ಲ. ಕಿಟಕಿ ನೋಡ್ಕೊಂಡು ಕೂತ್ಲು. ಗಂಡು ಅಂತ ಬರ್ಕೋ ಅಪ್ಪಾ. ಹಳೇ ಹುಲಿ, ಮೂತಿ ತುಂಬ ಗಾಯ. ಮುಂದಿನ ವಾರ ಮಾಂಸ ಬೇಯ್ಸಿದ್ಮೇಲೆ ನಿಂಗೇ ಗೊತ್ತಾಗತ್ತೆ, ಹಲ್ಲು ಮುರೀತದೆ.”

ಐವತ್ತಮೂರರ ಮನಾಸಿ ಇಪ್ಪತ್ತೆಂಟರ ಜೂತಾನಿಯನ್ನು ಅಪ್ಪಾ ಎನ್ನುವುದು ಊರಿನಲ್ಲಿ ಯಾರಿಗೂ ವಿಚಿತ್ರವಲ್ಲ. ಮನಾಸಿಯ ತಂದೆ ಜೂತಾನಿ ತೀರಿಕೊಂಡ ಚಳಿಗಾಲದಲ್ಲೇ ಇವನು ಹುಟ್ಟಿದ; ಹೆಸರು ಇವನಿಗೆ ಬಂತು. ಹೆಸರಿನ ಹಿಂದೆ ಸಂಬಂಧಗಳೂ ಬಂದವು. ನಡೆಯಲು ಕಲಿಯುವ ಮೊದಲೇ ಇವನಿಗೆ ಮೀಸೆ ಬಂದ ಮಗನಿದ್ದ. ಸತ್ತವನ ಈಟಿ, ಹಿಮ ಕೊಯ್ಯುವ ಕತ್ತಿ, ಉಳಿ, ಎಲ್ಲವೂ ಇವನ ಮನೆಗೆ ಬಂದು ಬಾಗಿಲ ಹಿಂದಿನ ಮೊಳೆಗಳಿಗೆ ಸೇರಿದವು. ಮನಾಸಿ ಏನೇ ಹೊಡೆದರೂ ಮೊದಲ ತುಂಡು ‘ಅಪ್ಪ’ನಿಗೆ. ಸತ್ತವನ ಹೆಂಡತಿ, ಮನಾಸಿಯ ತಾಯಿ ಉಲೂರಿಯಾಕ್, ಇವನನ್ನು ಕಂಡರೆ ‘ರೀ’ ಎನ್ನುವಳು. ಚಿಕ್ಕವನಿದ್ದಾಗ ಒಮ್ಮೆ ಅಜ್ಜಿ ಎಂದು ಕರೆದದ್ದಕ್ಕೆ, “ಯಾರಿಗ್ರೀ ಅಜ್ಜಿ, ಕಟ್ಕೊಂಡೋಳ್ನ ಹಾಗನ್ನಕ್ಕೆ ನಾಚ್ಕೆ ಆಗಲ್ವಾ?” ಎಂದು ಅಂಗಡಿಯಲ್ಲಿ ಎಲ್ಲರ ಮುಂದೆ ಕಿವಿ ಹಿಂಡಿದ್ದಳು.

ಜೂತಾನಿ ದವಡೆಯನ್ನು ತಿರುಗಿಸಿ ನೋಡಿದ. ಮೂಳೆ ಇಲ್ಲದೆ ಗಂಡು ಎಂದು ಬರೆಯಲಾಗದು ಎಂದ. ವಿಮಾನ ಬರುವುದು ಮುಂದಿನ ಶುಕ್ರವಾರ, ಅಲ್ಲಿಯವರೆಗೆ ಹುಡುಕು ಎಂದ.

“ನನ್ನ ಕಣ್ಣು ನಂಬಲ್ವಾ ನೀನು?”

ನಂಬುತ್ತೇನೆ ಎನ್ನಬಹುದಿತ್ತು. ನಂಬಿದ್ದ ಕೂಡ. ಆದರೆ ನಂಬಿಕೆಯಿಂದ ಒಂದು ಚೌಕ ತುಂಬಿದರೆ ನಾಳೆ ಇನ್ನೊಬ್ಬ ಬರುತ್ತಾನೆ, ನಾಡಿದ್ದು ಮತ್ತೊಬ್ಬ. ಆಮೇಲೆ ಫಾರಮ್ಮುಗಳೆಲ್ಲ ಬಾಯಿಮಾತಾಗುತ್ತವೆ. ದಕ್ಷಿಣದವರು ಕಾಯುತ್ತಿರುವುದೇ ಅದಕ್ಕೆ. ಇವರ ಎಣಿಕೆ ಸುಳ್ಳು ಎಂದು ಒಮ್ಮೆ ತೋರಿದರೆ ಸಾಕು, ಹದಿನೆಂಟಿರುವುದು ಸೊನ್ನೆಯಾಗುತ್ತದೆ. ಇಷ್ಟನ್ನೂ ಜೂತಾನಿ ಮನಸ್ಸಿನಲ್ಲಿ ಜೋಡಿಸಿಕೊಂಡ. ಬಾಯಿಂದ ಬಂದದ್ದು, “ಇದು ನಿನ್ನ ಕಣ್ಣಿನ ಪ್ರಶ್ನೆ ಅಲ್ಲ” ಎಂಬ ಒಂದೇ ಮಾತು.

ಮನಾಸಿ ಚಹಾದ ಲೋಟವನ್ನು ಅರ್ಧಕ್ಕೇ ಬಿಟ್ಟು ಎದ್ದ.

ಭಾನುವಾರ ಇಗರ್ಜಿಯಿಂದ ಹೊರಬರುವಾಗ ಉಲೂರಿಯಾಕ್ ಜೂತಾನಿಯ ತೋಳು ಹಿಡಿದು ನಿಲ್ಲಿಸಿದಳು. ಎಂಬತ್ತು ದಾಟಿದ ಅವಳಿಗೆ ಕಿವಿ ಮಂದ. ಅವಳ ಮಾತೂ ಪಿಸುಮಾತಾಗಿತ್ತು. “ಮೂರು ದಿನ ಆಯ್ತಲ್ರೀ. ಅವನ್ನ ಮನೆಗೆ ಕಳಿಸ್ಕೊಟ್ರಾ?” ಎಂದು ಕೇಳಿದಳು. ಯಾರೋ ನೆಂಟರ ಮಾತಿರಬೇಕು, ಮುದುಕಿಗೆ ಕಾಲ ಕಲಸಿಹೋಗಿದೆ ಎಂದುಕೊಂಡು ಜೂತಾನಿ, “ಹ್ಞೂಂ, ಕಳಿಸ್ದೆ” ಎಂದ. ಅವಳು ಅವನ ತೋಳನ್ನು ಎರಡು ಸಲ ತಟ್ಟಿ, ಹಗುರಾದವಳಂತೆ ಮೆಟ್ಟಿಲಿಳಿದಳು. ಇಗರ್ಜಿಯ ಬಾಗಿಲಲ್ಲಿ ಆಗಲೇ ಇತರರು ಇವನಿಂದ ಒಂದೊಂದು ಹೆಜ್ಜೆ ದೂರ ಸರಿದು ಹೋಗುತ್ತಿದ್ದರು.

ಸೋಮವಾರ ಊರಿನ ರೇಡಿಯೋದಲ್ಲಿ, ಹುಟ್ಟುಹಬ್ಬದ ಶುಭಾಶಯಗಳ ನಡುವೆ, ಒಬ್ಬಳು ಫೋನ್ ಮಾಡಿದಳು. ಯಾರ ಹೆಸರನ್ನೂ ಹೇಳದೆ, ಗಂಡು ಯಾವುದು ಹೆಣ್ಣು ಯಾವುದು ತಿಳಿಯದವರಿಗೆ ಸಂಘದಲ್ಲಿ ಕೆಲಸ ಯಾಕೆ, ಅಂಗಡಿಯಲ್ಲಿ ಡಬ್ಬಿ ಜೋಡಿಸಲಿ, ಡಬ್ಬಿಗೆ ಎರಡೂ ಇರುವುದಿಲ್ಲ ಎಂದಳು. ರೇಡಿಯೋ ನಡೆಸುವವನು ನಗು ತಡೆಯಲಾಗದೆ ಹಾಡು ಹಾಕಿದ. ಮಂಗಳವಾರ ಕಚೇರಿಯ ಬಾಗಿಲಿಗೆ ಯಾರೋ ಹಿಮದಲ್ಲಿ ಒಂದು ಕರಡಿ ಮಾಡಿ, ಅದಕ್ಕೆ ಹೂವಿನ ಲಂಗ ಉಡಿಸಿ, ಮುಖಕ್ಕೆ ಕೆಂಪು ಬಳಿದು ನಿಲ್ಲಿಸಿದ್ದರು. ಜೂತಾನಿ ಸಲಿಕೆಯಿಂದ ಅದನ್ನು ಒಡೆದು, ಲಂಗ ಮಡಚಿ, ಯಾರದೋ ಇರಬೇಕು ಎಂದು ಬಾಗಿಲ ಹಿಡಿಕೆಗೆ ತೂಗುಹಾಕಿದ. ಅದನ್ನು ಯಾರೂ ಒಯ್ಯಲಿಲ್ಲ.

ಬುಧವಾರ ಮಧ್ಯಾಹ್ನ ಸಭೆ. ಸಭಾಂಗಣದಲ್ಲಿ ಅರವತ್ತು ಎಪ್ಪತ್ತು ಜನ, ಒದ್ದೆ ತುಪ್ಪಳದ ವಾಸನೆ. ಸಂಘದ ಅಧ್ಯಕ್ಷ ಕವಾವಾವ್ ದಪ್ಪ ಮನುಷ್ಯ, ಮಾತಿಗೆ ಮೊದಲು ಕುರ್ಚಿಯನ್ನು ನೋಯಿಸುವವನು. ಕರಡಿ ಕಡಿಮೆಯಾಗಿದೆ ಎನ್ನುವವರು ತನ್ನ ಮನೆಯ ಹೊರಗಿನ ಮಾಂಸದ ಪೆಟ್ಟಿಗೆಯನ್ನು ಕೇಳಲಿ, ಈ ಚಳಿಗಾಲದಲ್ಲಿ ಮೂರು ಸಲ ಮುಚ್ಚಳ ಕಿತ್ತಿದ್ದಾವೆ ಎಂದು ಶುರುಮಾಡಿದ. ಜನ ನಕ್ಕರು. ಹಿಮ ತಡವಾಗಿ ಕಟ್ಟುತ್ತಿದೆ, ಕಡಲಿನ ಸೀಲ್ ಪ್ರಾಣಿಗಳನ್ನು ಹಿಡಿಯಲಾಗದ ಕರಡಿಗಳು ಹಸಿದು ಊರಿಗೆ ನುಗ್ಗುತ್ತಿವೆ, ಊರಿನಲ್ಲಿ ಹೆಚ್ಚು ಕಂಡ ಮಾತ್ರಕ್ಕೆ ಹೆಚ್ಚಿವೆ ಎಂದಲ್ಲ ಎಂದು ಜೂತಾನಿ ಎದ್ದು ಹೇಳಿದ. ಅದು ಅವನ ಮಟ್ಟಿಗೆ ಉದ್ದದ ಭಾಷಣ. ಅದಕ್ಕೆ ಸಿಕ್ಕಿದ್ದು ಹಿಂದಿನ ಸಾಲಿನಿಂದ ಒಂದು ಆಕಳಿಕೆ.

ಮೂಳೆಯ ಮಾತಿಗೆ ಬಂದಾಗ, ಸರ್ಕಾರಕ್ಕೆ ಒಂದು ಪತ್ರವನ್ನೂ ಜೊತೆಗೆ ಬರೆಯುತ್ತೇನೆ, ಪರಿಶೀಲಿಸಿ ಎನ್ನುತ್ತೇನೆ ಎಂದ. ನಮ್ಮ ಪತ್ರ ವಿಮಾನದಲ್ಲಿ ಹೋಗುತ್ತದೆ, ಅವರ ಉತ್ತರ ಈಜಿಕೊಂಡು ಬರುತ್ತದೆ ಎಂದ ಕವಾವಾವ್. ಮತ್ತೆ ನಗು. ಆ ನಗು ನಿಲ್ಲುವ ಮೊದಲೇ ಮನಾಸಿ ಎದ್ದು ನಿಂತಿದ್ದ.

ಅವನು ಗಟ್ಟಿಯಾಗಿ ಮಾತಾಡುವವನಲ್ಲ. ಹದಿನಾಲ್ಕು ವರ್ಷಗಳ ಮೇಲೆ ತನ್ನ ಹೆಸರಿಗೆ ಚೀಟಿ ಬಂದಿತ್ತು ಎಂದ. ಆರು ದಿನ ಹಿಮದ ಅಂಚಿನಲ್ಲಿ ಕಾದೆ. ಮರಿಯಿದ್ದ ತಾಯಿಯೊಂದನ್ನೂ, ಇನ್ನೂ ಬೆಳೆಯುತ್ತಿದ್ದ ಒಂದನ್ನೂ ಬಿಟ್ಟೆ. ಬಿಟ್ಟದ್ದನ್ನು ಎಲ್ಲಿ ಬರೆಯುತ್ತಾರೆ ಎಂದು ಕೇಳಿದ. ಬಿಟ್ಟ ಕರಡಿಗಳಿಗೆ ನಿಜವಾಗಿಯೂ ಫಾರಮ್ಮಿನಲ್ಲಿ ಚೌಕವಿರಲಿಲ್ಲ ಎಂದು ಜೂತಾನಿಗೆ ಆಗ ಹೊಳೆಯಿತು. ಅದನ್ನು ಒಪ್ಪಿಕೊಳ್ಳಲೆಂದು ಬಾಯಿ ತೆರೆದ.

“ಜೂತಾನಿಯವ್ರೇ” ಎಂದ ಮನಾಸಿ. “ನೀವು ಬರ್ಕೊಳ್ಳಿ. ನಿಮ್ಗೆ ಹೆಂಗೆ ಬೇಕೋ ಹಂಗೆ.”

ಇಪ್ಪತ್ತೆಂಟು ವರ್ಷದಲ್ಲಿ ಮನಾಸಿಯ ಬಾಯಲ್ಲಿ ಆ ಹೆಸರು ಬಂದಿರಲಿಲ್ಲ. ತಂದೆಯ ಹೆಸರನ್ನು ಹಾಗೆ ಕರೆಯುವಂತಿಲ್ಲ. ನಗುತ್ತಿದ್ದವರು ನೆಲ ನೋಡಿದರು. ಬಾಯಿ ತೆರೆದಿದ್ದ ಜೂತಾನಿ ಮುಚ್ಚಿಕೊಂಡ. ಆ ಸಂಜೆಯೇ ಅವನು ಹೆಣ್ಣು ಎಂಬ ಚೌಕವನ್ನು ತುಂಬಿದ. ಪೆನ್ನನ್ನು ಎಷ್ಟು ಒತ್ತಿದ್ದನೆಂದರೆ ಗುರುತು ಕೆಳಗಿನ ಮೂರು ಹಾಳೆಗಳಲ್ಲೂ ಮೂಡಿತ್ತು. ಪತ್ರವನ್ನು ಬರೆಯಲಿಲ್ಲ.

ಶುಕ್ರವಾರ ಬೆಳಿಗ್ಗೆ ಲಕೋಟೆ ಹಿಡಿದು ಹೊರಟರೆ, ಹಿಮದ ಬಂಡಿ ಚಾಲೂ ಆಗಲಿಲ್ಲ. ಮುಚ್ಚಳ ಎತ್ತಿ ನೋಡಿದ; ಯಾರೋ ಸ್ಪಾರ್ಕ್ ಪ್ಲಗ್ ಕಿತ್ತುಕೊಂಡು ಹೋಗಿದ್ದರು. ಮನೆಯಲ್ಲಿ ಹಳೆಯದೊಂದು ಇತ್ತು, ಅದನ್ನು ಕೂರಿಸಲು ಪಾನಾ ಬೇಕು. ಪಾನಾ ಎಲ್ಲಿಟ್ಟಿದ್ದೇನೆಂದು ತಿಳಿಯದೆ, ಬಾಗಿಲ ಹಿಂದೆ ಒಂದರ ಮೇಲೊಂದು ತೂಗಿದ್ದ ಅಂಗಿಗಳನ್ನು ಸರಿಸಿ ಕೈ ಹಾಕಿದ. ವರ್ಷಗಟ್ಟಲೆ ಮುಟ್ಟದ ಮೂಲೆ ಅದು. ಬೆರಳಿಗೆ ಈಟಿಯ ಹಿಡಿ ಸಿಕ್ಕಿತು, ಉಳಿ ಸಿಕ್ಕಿತು. ಅವುಗಳ ನಡುವೆ ಮೆತ್ತಗಿನದೊಂದು.

ಸೀಲ್ ಚರ್ಮದ ದಾರಕ್ಕೆ ಎರಡು ವಸ್ತು ಕಟ್ಟಿದ್ದವು. ಊದಿ, ಬಾಯಿ ಬಿಗಿದು ಒಣಗಿಸಿದ ಒಂದು ಮೂತ್ರಕೋಶ, ಹಳದಿ ಕಾಗದದಂತೆ. ಅದರ ಪಕ್ಕದಲ್ಲಿ ಗೇಣುದ್ದದ ಮೂಳೆ. ಶುಚಿಯಾಗಿ ಕೆರೆದಿತ್ತು, ಮಾಂಸದ ಎಳೆಯೂ ಉಳಿದಿರಲಿಲ್ಲ.

ಜೂತಾನಿ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. ಚಿಕ್ಕಂದಿನಲ್ಲಿ ಯಾರೋ ಹೇಳಿ ಬೇರೆ ಯಾರೋ ಬಾಯಿ ಮುಚ್ಚಿಸಿದ ಮಾತೊಂದು ನೆನಪಾಯಿತು: ಗಂಡು ಕರಡಿ ಬಿದ್ದರೆ ಅದು ಮೂರು ದಿನ ಮನೆಯ ಅತಿಥಿ. ಅದರ ಆ ಭಾಗಗಳನ್ನು ಮನೆಯ ಗಂಡಸಿನ ಆಯುಧಗಳ ಜೊತೆ ತೂಗಬೇಕು. ಅದರ ಬಗ್ಗೆ ಆಡಬಾರದು, ಅದು ಕೇಳಿಸಿಕೊಳ್ಳುತ್ತಿರುತ್ತದೆ. ಆಮೇಲೆ ಆ ಗಂಡಸೇ ಅದನ್ನು ಸಮುದ್ರಕ್ಕೆ ಮರಳಿಸಬೇಕು. ಆಗ ಅದು ಮನೆಗೆ ಹೋಗಿ, ಇಲ್ಲಿ ಮರ್ಯಾದೆಯಾಯಿತು ಎಂದು ಹೇಳಿ, ಮತ್ತೆ ಕರಡಿಯಾಗಿ ಬರುತ್ತದೆ. ಪಾದ್ರಿಗಳು ಬಂದ ಮೇಲೆ ಯಾರೂ ಹೀಗೆ ಮಾಡುವುದಿಲ್ಲ ಎಂದೇ ಅವನು ತಿಳಿದಿದ್ದ. ಮಾಡುವವಳು ಒಬ್ಬಳಿದ್ದಳು. ಮಗನ ಮನೆಯಲ್ಲಿದ್ದರೂ ಅವಳ ಮನೆಯ ಗಂಡಸು ಮಗನಲ್ಲ, ಗಂಡ; ಅಂದರೆ ಜೂತಾನಿ. ಇಲ್ಲಿ ಯಾರೂ ಬಾಗಿಲಿಗೆ ಬೀಗ ಹಾಕುವುದಿಲ್ಲ. ಇವನು ಕಚೇರಿಯಲ್ಲಿ ಕುಳಿತು ಬಿಳಿ ಚೌಕ ನೋಡುತ್ತಿದ್ದಾಗ ಅವಳು ಬಂದು ಗಂಡನ ಈಟಿಯ ಪಕ್ಕ ಇದನ್ನು ಕಟ್ಟಿ ಹೋಗಿದ್ದಾಳೆ. ಇವನಿಗೆ ತಿಳಿದೇ ಇರುತ್ತದೆ ಎಂದುಕೊಂಡಿದ್ದಾಳೆ. ಭಾನುವಾರ ಕೇಳಿದ್ದಳು, ಇವನು ಕಳಿಸಿದೆ ಎಂದಿದ್ದ.

ವಿಮಾನಕ್ಕೆ ಇನ್ನೂ ಎರಡು ಗಂಟೆಯಿತ್ತು. ಫಾರಂ ಹರಿದು ಹೊಸದು ಬರೆಯಲು ಹತ್ತು ನಿಮಿಷ ಸಾಕು. ಜೂತಾನಿ ದಾರ ಬಿಚ್ಚದೆ ಎಲ್ಲವನ್ನೂ ಅಂಗಿಯ ಒಳಜೇಬಿಗಿಟ್ಟುಕೊಂಡು ಮನಾಸಿಯ ಮನೆಗೆ ನಡೆದ. ದಾರಿಯುದ್ದಕ್ಕೂ ಮೊದಲ ವಾಕ್ಯ ಹುಡುಕಿದ. ಮಗಾ, ಮೂಳೆ ಸಿಕ್ತು. ಇಷ್ಟೇ. ಇದಕ್ಕಿಂತ ಸುಲಭದ ಮಾತು ಜಗತ್ತಿನಲ್ಲಿ ಇರಲಾರದು.

ಉಲೂರಿಯಾಕ್ ಕಿಟಕಿಯ ಬಳಿ ನೆಲದ ಮೇಲೆ ಕಾಲು ಚಾಚಿ ಪಾದರಕ್ಷೆಗೆ ಹೊಲಿಗೆ ಹಾಕುತ್ತಿದ್ದಳು. ಇವನನ್ನು ಕಂಡು ಮುಖ ಅರಳಿತು. “ಬನ್ರೀ. ರೊಟ್ಟಿ ಬಿಸಿ ಇದೆ. ಎಷ್ಟು ಸೊರಗಿದ್ದೀರಿ, ಇನ್ನೊಂದು ಮದ್ವೆ ಮಾಡ್ಕೊಂಡ್ರಾ ಹೆಂಗೆ?” ಎಂದು ತನ್ನಷ್ಟಕ್ಕೇ ನಕ್ಕಳು. ಊರಿನ ಜಗಳ ಅವಳವರೆಗೆ ಬಂದಿರಲಿಲ್ಲ. ಮನಾಸಿ ಬರಗೊಟ್ಟಿರಲಿಲ್ಲ.

ಮನಾಸಿ ಒಳಗಿನಿಂದ ಬಂದ. ಕೈಯಲ್ಲಿ ಬಂದೂಕು ಒರೆಸುವ ಎಣ್ಣೆಬಟ್ಟೆ. ಇವನನ್ನು ನೋಡಿ, ಲಕೋಟೆಯನ್ನು ನೋಡಿ, ಬಾಗಿಲನ್ನು ಇನ್ನಷ್ಟು ತೆರೆದು ಹಿಡಿದ. ಚಳಿ ಒಳನುಗ್ಗಿತು.

“ಬಾಗ್ಲು ಹಾಕೋ” ಎಂದಳು ಮುದುಕಿ. “ನಿಮ್ಮಪ್ಪ ಬಂದಿದ್ದಾರೆ, ಕಾಣಲ್ವಾ?”

“ನಮ್ಮಪ್ಪ ಸತ್ತು ಇಪ್ಪತ್ತೆಂಟು ವರ್ಷ ಆಯ್ತಮ್ಮ” ಎಂದ ಮನಾಸಿ. ಅವಳಿಗೆ ಕೇಳುವಂತೆ, ಒಂದೊಂದೇ ಶಬ್ದವನ್ನು ಬಿಡಿಸಿ ಹೇಳಿದ. “ಇವ್ರು ಆಫೀಸಿನವ್ರು.”

ಸೂಜಿ ನಿಂತಿತು. ಉಲೂರಿಯಾಕ್ ಮಗನನ್ನು ನೋಡಲಿಲ್ಲ, ಜೂತಾನಿಯನ್ನು ನೋಡಿದಳು; ಮೊದಲ ಸಲ ನೋಡುವವಳಂತೆ, ಅವನ ಗಲ್ಲ, ಕಿವಿ, ಕೈಗಳನ್ನು. ಜೂತಾನಿಯ ಬಲಗೈ ಒಳಜೇಬಿನಲ್ಲಿತ್ತು. ಮೂಳೆಯ ತುದಿ ಅಂಗೈಗೆ ಒತ್ತುತ್ತಿತ್ತು. ಹೊರತೆಗೆದರೆ ಮುಗಿಯಿತು. ಹೊರತೆಗೆದರೆ, ಕಳಿಸಿದೆ ಎಂದದ್ದು ಸುಳ್ಳೆಂದು ಅವಳಿಗೆ ಗೊತ್ತಾಗುತ್ತದೆ. ಅತಿಥಿಯನ್ನು ಚೀಲದಲ್ಲಿ ಕಟ್ಟಿ ದಕ್ಷಿಣಕ್ಕೆ ಕಳಿಸಲು ಬಂದಿದ್ದಾನೆಂದೂ ಗೊತ್ತಾಗುತ್ತದೆ. ಅದೂ ಇತ್ತು. ಆದರೆ ಆ ಕ್ಷಣದಲ್ಲಿ ಅವನ ಕೈ ತಡೆದದ್ದು ಬಾಗಿಲು ಹಿಡಿದು ನಿಂತಿದ್ದವನ ಮುಖ. ಅದರಲ್ಲಿ ಸಿಟ್ಟಿರಲಿಲ್ಲ. ಚಳಿ ಒಳಬರುತ್ತಿದೆ, ಬೇಗ ಹೋಗಿ ಎಂಬಷ್ಟೇ ಇತ್ತು.

ಹಾಗಾದರೆ ಇರಲಿ, ಎಂದುಕೊಂಡ ಜೂತಾನಿ. ಇರಲಿ.

“ಫಾರಂ ಇವತ್ತು ಹೋಗ್ತದೆ. ಹೇಳೋಣ ಅಂತ ಬಂದೆ” ಎಂದ.

“ಹೇಳಿದ್ರಲ್ಲ” ಎಂದ ಮನಾಸಿ.

ದಡದಲ್ಲಿ, ಉಬ್ಬರಕ್ಕೆ ಹಿಮ ಬಿರಿದ ಸೀಳಿನ ಬಳಿ ಜೂತಾನಿ ಮಂಡಿಯೂರಿ ಕುಳಿತಾಗ ಬಿಸಿಲು ಕಣ್ಣು ಕುಕ್ಕುತ್ತಿತ್ತು. ಸೀಳಿನೊಳಗೆ ಕಪ್ಪು ನೀರು ಏಳುತ್ತ ಇಳಿಯುತ್ತ ಉಸಿರಾಡುತ್ತಿತ್ತು. ಇಂಥ ಹೊತ್ತಿನಲ್ಲಿ ಹೇಳಬೇಕಾದ ಮಾತೊಂದು ಇದ್ದಿರಬೇಕು. ಅದನ್ನು ಅವನಿಗೆ ಯಾರೂ ಕಲಿಸಿರಲಿಲ್ಲ. ಮೂಳೆ ತಕ್ಷಣ ಮುಳುಗಿತು, ಗಾಳಿ ತುಂಬಿದ ಕೋಶವನ್ನೂ ಎಳೆಯಿತು. ಕೋಶ ಎರಡು ಸಲ ಮೇಲೆ ಬಂದು ಹಿಮದ ಅಡಿಗೆ ಸರಿದುಹೋಯಿತು. ವಿಮಾನದ ಸದ್ದು ಕೇಳುವವರೆಗೂ ಅವನು ಅಲ್ಲೇ ಇದ್ದ. ಆಮೇಲೆ ನಡೆದೇ ಹೋಗಿ ಲಕೋಟೆ ಕೊಟ್ಟ.

ಮುಂದಿನ ವರ್ಷ ಊರಿನ ಪಾಲು ಹದಿನಾರು. ಚೀಟಿ ಎತ್ತುವ ದಿನ ಮನಾಸಿ ಬರಲಿಲ್ಲ, ಬರುವ ಅಗತ್ಯವೂ ಇರಲಿಲ್ಲ. ಎರಡು ಕರಡಿ ಬದುಕಿದವು ಎಂದು ಜೂತಾನಿ ತನಗೆ ತಾನೇ ಹೇಳಿಕೊಂಡ. ಅದು ಸುಳ್ಳೇನಲ್ಲ. ಹಿಮದ ಅಂಚಿನಲ್ಲಿ ದೂರದಲ್ಲೊಂದು ನಡೆಯುತ್ತಿರುವುದು ಕಂಡರೆ, ಆ ಎರಡರಲ್ಲಿ ಇದೊಂದಿರಬಹುದೇ ಎಂದು ದುರ್ಬೀನು ಇಳಿಸದೆ ನೋಡುತ್ತಿದ್ದ. ಹಾಗೆ ನೋಡುವಾಗ ಸಂತೋಷವಾಗಬೇಕಿತ್ತು. ಹೊಸ ಫಾರಮ್ಮಿನಲ್ಲಿ, ಬೇಟೆಗಾರ ಹೊಡೆಯದೆ ಬಿಟ್ಟ ಕರಡಿಗಳಿಗೂ ಒಂದು ಸಾಲು ಇರಲಿ ಎಂದು ಸರ್ಕಾರಕ್ಕೆ ಬರೆದ. ಉತ್ತರ ಬರಲಿಲ್ಲ.

ಉಲೂರಿಯಾಕ್ ಆ ಫೆಬ್ರವರಿಯಲ್ಲಿ ತೀರಿಕೊಂಡಳು. ಕೊನೆಯವರೆಗೂ ಅವಳು ಅವನನ್ನು ‘ರೀ’ ಎಂದೇ ಕರೆದಳು, ಆದರೆ ಯಾವುದನ್ನೂ ಮತ್ತೆ ಕೇಳಲಿಲ್ಲ. ಮಣ್ಣಿನ ದಿನ, ಹೆಪ್ಪುಗಟ್ಟಿದ ನೆಲದ ಮೇಲೆ ಕಲ್ಲು ಪೇರಿಸುವಾಗ, ಮನಾಸಿಯೂ ಜೂತಾನಿಯೂ ಒಂದೇ ಕಲ್ಲಿನ ಎರಡು ತುದಿ ಹಿಡಿದು ಎತ್ತಿದರು. ಹುಷಾರು, ಜೂತಾನಿ, ಎಂದ ಮನಾಸಿ; ಯಾರಿಗಾದರೂ ಹೇಳುವ ಹಾಗೆ. ಕಲ್ಲು ಅದರ ಜಾಗದಲ್ಲಿ ಕುಳಿತಿತು.

ಆ ಮೂಳೆ ವಾರವಿಡೀ ತನ್ನ ಮನೆಯ ಬಾಗಿಲ ಹಿಂದೆಯೇ ಇತ್ತು ಎಂದು ಜೂತಾನಿ ಮನಾಸಿಗೆ ಯಾವತ್ತೂ ಹೇಳಲಿಲ್ಲ.